ಮೆರವಣಿಗೆಯ ಫೊಟೋದಲ್ಲಿ ನಮ್ಮವರ ಮುಖ



ನೆಕ್ರಾಜೆಯ ನಮ್ಮ ವಾಳೆಕೂಟದಲ್ಲಿ ಮೊನ್ನೆ ಒಂದು ವಿಷಯ ಎದ್ದಿತು. ಬರುವ ಭ್ರಾತೃತ್ವದ ಭಾನುವಾರದ ಪರಮಪ್ರಸಾದದ ಮೆರವಣಿಗೆಯನ್ನು ಮೊದಲಿನಿಂದ ಕಡೆಯ ವರೆಗೆ ಕಪ್ಪು-ಬಿಳುಪಿನಲ್ಲಿ ಫೊಟೋ ತೆಗೆಯಲು ಮಂಗಳೂರಿನ ಕಡೆಯ ಒಬ್ಬ ಹುಡುಗ ಅಪ್ಪಣೆ ಕೇಳಿದ್ದಾನೆ. ಫೊಟೋ ವಿದ್ಯೆಯನ್ನೇ ಕಲಿಯುತ್ತಿರುವವನು. ಅವನಿಗೆ ಊರಿನ ಮೆರವಣಿಗೆ ಬೇಕು, ತೋಟದ ಜನ ಬೇಕು, ಮಣ್ಣಿನ ದಾರಿ ಬೇಕು. ತೆಗೆದ ಫೊಟೋಗಳನ್ನು ಪಟ್ಟಣದಲ್ಲಿ ಪ್ರದರ್ಶನಕ್ಕೆ ಇಡುತ್ತಾನಂತೆ, ಕೆಲವನ್ನು ನಮ್ಮ ಸ್ಮರಣಸಂಚಿಕೆಗೂ ಕೊಡುತ್ತಾನಂತೆ. ನಮ್ಮ ಯುವಜನರಿಗೆ ಬಹಳ ಸಂತೋಷ. ಗುರಿಕಾರರು, "ಒಳ್ಳೆಯದೇ ಅಲ್ಲವೇ, ಖರ್ಚು ನಮ್ಮದಲ್ಲವಲ್ಲ" ಎಂದರು. ಅಷ್ಟಕ್ಕೆ ಮುಗಿಯಬೇಕಿತ್ತು. ಆಗ ಹಿಂದಿನ ಬೆಂಚಿನಿಂದ ಒಬ್ಬ ಅಜ್ಜಿ ಎದ್ದು ನಿಂತರು. ಆಯುಷ್ಯವೆಲ್ಲ ಗೇರುಬೀಜ ಹೆಕ್ಕಿದವರು.

"ಉಪದೇಶಿಗಳೇ, ನನಗೆ ಬಣ್ಣದ ಹೊಸ ಸೀರೆ ಉಟ್ಟು ಮೆರವಣಿಗೆಗೆ ಹೋಗಲಿಕ್ಕೆ ಐವತ್ತು ವರ್ಷ ಬೇಕಾಯಿತು. ಈಗ ಆ ಹುಡುಗ ಬಂದು ಅದನ್ನು ಪುನಃ ಬೂದಿ ಮಾಡುವುದಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಜ್ಜಿ ನಗಲಿಲ್ಲ.

ಅಂದು ರಾತ್ರಿ ಮನೆಗೆ ನಡೆದು ಬರುವಾಗ ಆ ಮಾತು ನನ್ನನ್ನು ಬಿಡಲಿಲ್ಲ. ನಾನು ಫೊಟೋ ತೆಗೆಯುವವನಲ್ಲ. ಆದರೆ ಮಕ್ಕಳಿಗೆ ಧರ್ಮೋಪದೇಶ ಹೇಳುವ ಕೆಲಸದಲ್ಲಿ ಒಂದಿಷ್ಟು, ಸಂಘದ ಕಾಗದಪತ್ರ ಹೊತ್ತು ಕಚೇರಿಯಿಂದ ಕಚೇರಿಗೆ ಅಲೆದ ಕೆಲಸದಲ್ಲಿ ಅದಕ್ಕಿಂತ ಹೆಚ್ಚು, ನಮ್ಮ ಮನೆಗಳ ಹಳೆಯ ಫೊಟೋಗಳನ್ನು ನೋಡಿದ್ದೇನೆ. ಆ ಅನುಭವದಿಂದ ನನ್ನ ಅಭಿಪ್ರಾಯವನ್ನು ಇಲ್ಲಿ ಬರೆಯುತ್ತಿದ್ದೇನೆ. ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಬಹುದು.

ಮೊದಲು ಹಳೆಯ ಕಾಲದ ಒಂದು ಮೆರವಣಿಗೆಯ ಫೊಟೋವನ್ನು ಮನಸ್ಸಿಗೆ ತಂದುಕೊಳ್ಳೋಣ. ನಿಮ್ಮ ಮನೆಯ ತಗಡಿನ ಪೆಟ್ಟಿಗೆಯಲ್ಲಿ, ರೇಶನ್ ಕಾರ್ಡಿನ ಅಡಿಯಲ್ಲಿ, ಇಂಥದೊಂದು ಇದ್ದರೂ ಇದ್ದೀತು. ಅಂಗೈಯಷ್ಟು ದೊಡ್ಡದು, ಅಂಚು ಬಿಳಿ. ನಡುವೆ ನಾಲ್ಕು ಕಂಬದ ಮೇಲ್ಕಟ್ಟು. ಅದರ ಅಡಿಯಲ್ಲಿ ಪರಮಪ್ರಸಾದವನ್ನು ಹಿಡಿದ ಗುರುಗಳು. ಮುಂದೆ ಬಿಳಿ ಅಂಗಿಯ ಹೆಣ್ಣುಮಕ್ಕಳು ಹೂ ಚೆಲ್ಲುತ್ತಾರೆ. ಪಕ್ಕದಲ್ಲಿ ಮೇಣದ ಬತ್ತಿ ಹಿಡಿದ ನಾಲ್ಕು ಮಂದಿ ದೊಡ್ಡವರು, ಇಸ್ತ್ರಿ ಹಾಕಿದ ಅಂಗಿ. ಇವರೆಲ್ಲರ ಮುಖ ಸ್ಪಷ್ಟ. ಇನ್ನು ಮೇಲ್ಕಟ್ಟಿನ ಕಂಬ ಹಿಡಿದವರನ್ನು ನೋಡಿ. ಅವರ ಬಿಳಿ ಪಂಚೆ ಕಾಣುತ್ತದೆ, ಕಂಬ ಹಿಡಿದ ಕೈ ಕಾಣುತ್ತದೆ, ಮುಖವಿರಬೇಕಾದಲ್ಲಿ ಒಂದು ಕರಿಯ ಮಚ್ಚೆ. ಹಿಂದಿನ ಸಾಲಿನ ಹೆಂಗಸರದ್ದು ಮುಸುಕು ಮಾತ್ರ ಬಂದಿದೆ. ಅವರೇ ನಮ್ಮವರು.

ಇದು ಹೀಗೇಕೆ ಎಂದು ಒಬ್ಬ ಹಳೆಯ ಸ್ಟುಡಿಯೋದವರನ್ನು ಕೇಳಿದ್ದೆ. ಅವರು ಸುಳ್ಳು ಹೇಳುವ ಜನವಲ್ಲ. ಅವರು ಹೇಳಿದ್ದಿಷ್ಟು. ಆ ಕಾಲದ ದೊಡ್ಡ ರೋಲಿನಲ್ಲಿ ಚೌಕದ ಫೊಟೋ ಬರುತ್ತಿದ್ದದ್ದು ಹನ್ನೆರಡೇ. ಹನ್ನೆರಡನ್ನೂ ಯಾರಿಗಾಗಿ ತೆಗೆಯಬೇಕೆಂಬುದನ್ನು ಹಣ ಕೊಡುವವರು ಹೇಳುತ್ತಿದ್ದರು. ಬಿಸಿಲು ನೆತ್ತಿಯ ಮೇಲೆ. ಬಿಳಿ ಮೇಲಂಗಿಗೆ ಬೆಳಕು ಲೆಕ್ಕ ಹಾಕಿದರೆ ನೆರಳಿನಲ್ಲಿರುವ ಕಪ್ಪು ಮುಖಕ್ಕೆ ಬೆಳಕು ಸಾಲದು. ಕಪ್ಪು ಮುಖಕ್ಕೆ ಲೆಕ್ಕ ಹಾಕಿದರೆ ಬಿಳಿ ಬಟ್ಟೆ ಸುಣ್ಣ ಬಳಿದ ಹಾಗೆ ಹಾರಿಹೋಗುತ್ತದೆ. ಎರಡನ್ನೂ ಒಟ್ಟಿಗೆ ಹಿಡಿಯುವ ಶಕ್ತಿ ಆ ಫಿಲ್ಮಿಗೆ ಕಡಿಮೆ. ಗುರುಗಳ ಮೇಲಂಗಿ ಹಾಳಾದರೆ ದುಡ್ಡು ಸಿಗುವುದಿಲ್ಲ. ಕಂಬ ಹಿಡಿದವನ ಮುಖ ಹಾಳಾದರೆ ಕೇಳುವವರಿಲ್ಲ.

ಆದರೆ ಅವರು ಇನ್ನೊಂದು ಮಾತನ್ನೂ ಹೇಳಿದರು. ಅದನ್ನು ಕೇಳಿ ನನಗೆ ಬೇಸರವಾಯಿತು. ಕತ್ತಲೆ ಕೋಣೆಯಲ್ಲಿ ಕಾಗದದ ಮೇಲೆ ಬೆಳಕು ಬಿಡುವಾಗ ಎರಡು ಕ್ಷಣ ಮುಖದ ಭಾಗಕ್ಕೆ ಕೈ ಅಡ್ಡ ಹಿಡಿದರೆ ಕಪ್ಪು ತೆಳುವಾಗುತ್ತಿತ್ತಂತೆ, ಕಣ್ಣು ಮೂಗು ಮೂಡುತ್ತಿತ್ತಂತೆ. "ಮದುಮಗನ ಮುಖಕ್ಕೆ ಹಿಡಿಯುತ್ತಿದ್ದೆವು ಮಾರಾಯ್ರೇ, ಮದುಮಗಳಿಗೆ ಇನ್ನೂ ಜಾಸ್ತಿ. ಮೆರವಣಿಗೆಯ ಕಂಬ ಹಿಡಿದವನಿಗೆ ಯಾರು ಹಿಡಿಯುತ್ತಾರೆ?" ಎಂದರು. ಅವರಿಗೂ ಹೊಟ್ಟೆಪಾಡು. ನಾನು ದೂರುವುದಿಲ್ಲ. ಆದರೆ ಎಲ್ಲ ತಪ್ಪನ್ನೂ ಬಿಸಿಲಿನ ಮೇಲೆ ಹೊರಿಸುವಂತಿಲ್ಲವೆಂದು ಅಂದು ತಿಳಿಯಿತು.

ಫಿಲ್ಮಿನ ಮಾತು ಬಂದದ್ದರಿಂದ ಒಂದು ವಿಷಯ ಹೇಳಿಬಿಡುತ್ತೇನೆ, ಕಾರ್ಮಿಕರಾದ ನಾವು ತಿಳಿದಿರಬೇಕಾದದ್ದು. ನಮ್ಮ ದೇಶದಲ್ಲಿ ಕಪ್ಪು-ಬಿಳುಪು ಫಿಲ್ಮು ಮಾಡುತ್ತಿದ್ದ ಸರಕಾರಿ ಕಾರ್ಖಾನೆ ಊಟಿಯಲ್ಲಿತ್ತು, ಹಿಂದುಸ್ತಾನ್ ಫೊಟೋ ಫಿಲ್ಮ್ಸ್. 1960ರಲ್ಲಿ ಸ್ಥಾಪನೆಯಾದದ್ದು. 'ಇಂದು' ಎಂಬ ಹೆಸರಿನ ಫಿಲ್ಮು, ಕಾಗದ, ಆಸ್ಪತ್ರೆಯ ಎಕ್ಸ್‌ರೇ ಫಿಲ್ಮು ಅಲ್ಲಿಂದ ಬರುತ್ತಿತ್ತು. ಬೆಳಕು ತಾಗಬಾರದ ವಸ್ತುವಾದ್ದರಿಂದ ಅಲ್ಲಿಯ ಕೆಲಸದ ಬಹುಭಾಗ ಕತ್ತಲೆಯಲ್ಲಿ. ಬಣ್ಣದ ಫೊಟೋ ಮನೆಮನೆಗೆ ಬಂದ ಮೇಲೆ, ಆಮೇಲೆ ಫಿಲ್ಮೇ ಬೇಡದ ಕ್ಯಾಮರಾ ಬಂದ ಮೇಲೆ, ಆ ಕಾರ್ಖಾನೆ ಸೊರಗಿತು, ಕಡೆಗೆ ಮುಚ್ಚಿತು. ನಮ್ಮ ಹಬ್ಬದ ಫೊಟೋದಲ್ಲಿ ಬಣ್ಣ ಬಂತೆಂದು ನಾವು ಹಿಗ್ಗಿದ ವರ್ಷಗಳಲ್ಲೇ ನೀಲಗಿರಿಯಲ್ಲಿ ಕಾರ್ಮಿಕರ ಮನೆಗಳಲ್ಲಿ ಕೂಲಿ ನಿಂತಿತು. ಇಂಥವುಗಳನ್ನು ಯಾರೂ ಸ್ಮರಣಸಂಚಿಕೆಯಲ್ಲಿ ಹಾಕುವುದಿಲ್ಲ.

ಇರಲಿ. ಈಗ ನಾನು ಈ ಲೇಖನ ಬರೆಯಲು ಮುಖ್ಯ ಕಾರಣವಾದ ಸಂಗತಿಗೆ ಬರುತ್ತೇನೆ.

ಸುಮಾರು ಹದಿನೈದು ವರ್ಷದ ಹಿಂದೆ ಒಬ್ಬ ವಿಧವೆ ನಮ್ಮ ಸಂಘದ ಕೋಣೆಗೆ ಬಂದರು. ಗಂಡ ತೋಟದಲ್ಲಿ ದುಡಿದು 2009ರಲ್ಲಿ ನಿವೃತ್ತರಾಗಿದ್ದರು. ಗ್ರಾಚ್ಯುಟಿ ಕೈಗೆ ಬರುವ ಮುಂಚೆಯೇ ತೀರಿಕೊಂಡರು. ಎಷ್ಟು ವರ್ಷದ ಕೆಲಸ ಎಂಬುದರಲ್ಲಿ ತಕರಾರು. ತೋಟದ ಕಚೇರಿಯವರು 1984ರಿಂದ ಎಂದರು. ಅದಕ್ಕೆ ಹಿಂದಿನ ಚೆಕ್‌ರೋಲ್ ಪುಸ್ತಕಗಳು ಗೆದ್ದಲು ತಿಂದು ಹೋಗಿವೆಯಂತೆ. ಮನೆಯವರು 1974ರಿಂದ ಎಂದರು. 1972ರ ಗ್ರಾಚ್ಯುಟಿ ಕಾನೂನು ಆಗ ಏನು ಹೇಳುತ್ತಿತ್ತೆಂದರೆ, ಐದು ವರ್ಷ ಸತತ ದುಡಿದವನಿಗೆ ಪ್ರತಿ ಪೂರ್ಣ ವರ್ಷಕ್ಕೆ ಹದಿನೈದು ದಿನದ ಕೂಲಿ, ಅದೂ ಕಡೆಯ ಕೂಲಿಯ ದರದಲ್ಲಿ. ಹತ್ತು ವರ್ಷ ಕಳೆದುಹೋದರೆ ನೂರೈವತ್ತು ದಿನದ ಕೂಲಿ ಹೋಯಿತು. ಬಡ ಹೆಂಗಸಿಗೆ ಅದು ಸಣ್ಣ ಮೊತ್ತವೇ?

ನಾನು ಕಾಗದ ಕೇಳಿದೆ. ಅವರು ಒಂದು ಪ್ಲಾಸ್ಟಿಕ್ ಚೀಲ ಬಿಚ್ಚಿದರು. ಅದರಲ್ಲಿ ಅರ್ಧಕ್ಕರ್ಧ ಮಲೆಯಾಳದಲ್ಲಿ, ಉಳಿದರ್ಧ ಇಂಗ್ಲಿಷಿನಲ್ಲಿ. ನಮ್ಮ ಊರು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಮೇಲೆ ಕಚೇರಿಯ ಭಾಷೆ ಒಂದು, ನಮ್ಮ ಹಿರಿಯರು ಓದಲು ಕಲಿತ ಭಾಷೆ ಇನ್ನೊಂದು. ಆ ಚೀಲದಲ್ಲಿ ಆಕೆಗೆ ಓದಲಿಕ್ಕೆ ಬರುತ್ತಿದ್ದ ಕಾಗದ ಒಂದೇ ಒಂದು. ಅದು ಒಂದು ಕಪ್ಪು-ಬಿಳುಪು ಫೊಟೋ. ಪರಮಪ್ರಸಾದದ ಮೆರವಣಿಗೆ. ಹಿಂಬದಿಯಲ್ಲಿ ಆ ಕಾಲದ ಯಾರೋ ಪುಣ್ಯಾತ್ಮರು, ನನ್ನ ಹಾಗೆ ಉಪದೇಶಿಯೋ, ಗುಡಿಸುವವರೋ ತಿಳಿಯದು, ಕನ್ನಡದಲ್ಲಿ ಪೆನ್ಸಿಲಿನಿಂದ ಬರೆದಿದ್ದರು: ಮೆರವಣಿಗೆ, ಇಸವಿ 1976, ಕಂಬ ಹಿಡಿದವರು ಇಂತಿಂಥವರು, ಇಂಥ ತೋಟದ ಇಂಥ ಲೈನು. ನಾಲ್ಕು ಹೆಸರು. ಮೂರನೆಯದು ಆಕೆಯ ಗಂಡನದ್ದು. ಮುಂಬದಿಯಲ್ಲಿ ಅವರ ಮುಖ ನಾನು ಮೇಲೆ ಹೇಳಿದಂತೆ ಕರಿ ಮಚ್ಚೆ. "ಇವರೇ ಇವರು. ಕಾಲು ನೋಡಿದರೆ ನನಗೆ ಗೊತ್ತಾಗುತ್ತದೆ" ಎಂದರು ಆಕೆ.

ಫೊಟೋ ಒಂದರಿಂದಲೇ ಕೆಲಸ ಮಾಡಿದ್ದು ರುಜುವಾಗುವುದಿಲ್ಲ. ಆಚೆಯ ವಕೀಲರು ಅದನ್ನೇ ಹೇಳಿದರು, ಮೆರವಣಿಗೆಗೆ ಯಾರು ಬೇಕಾದರೂ ಬರಬಹುದಲ್ಲ ಎಂದರು. ಸರಿಯಾದ ಮಾತೇ. ಆದರೆ ನಮಗೆ ಹೆಸರು ಸಿಕ್ಕಿತ್ತು. ನಾಲ್ಕರಲ್ಲಿ ಇಬ್ಬರು ಬದುಕಿದ್ದರು. ಒಬ್ಬರು ಬದಿಯಡ್ಕದ ಹತ್ತಿರ ಮಗನ ಮನೆಯಲ್ಲಿ, ಇನ್ನೊಬ್ಬರು ಕೊಡಗಿನಲ್ಲಿ ಕಾಫಿ ತೋಟಕ್ಕೆ ಕೊಟ್ಟ ಮಗಳ ಹತ್ತಿರ. ಬಸ್ಸು ಹತ್ತಿ ಹೋಗಿ ಫೊಟೋ ತೋರಿಸಿದೆ. ಕೊಡಗಿನಲ್ಲಿದ್ದ ಅಜ್ಜ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, "ನನ್ನ ಕಂಬ ಸ್ವಲ್ಪ ವಾಲಿದೆ, ಆ ದಿನ ಜ್ವರ ಇತ್ತು" ಎಂದರು. ಇಬ್ಬರೂ ಬಂದು ಅಧಿಕಾರಿಯ ಮುಂದೆ ಪ್ರಮಾಣ ಮಾಡಿ ಹೇಳಿಕೆ ಕೊಟ್ಟರು: 1976ರಲ್ಲಿ ನಾವು ಮೂವರೂ ಒಂದೇ ಮೇಸ್ತ್ರಿಯ ಕೈಕೆಳಗೆ ಇದ್ದೆವು, ಲೈನಿನಲ್ಲಿ ಗೋಡೆಗೆ ಗೋಡೆ ತಾಗಿದ ಮನೆ ಎಂದು. ಕಡೆಗೆ 1976ರಿಂದ ಲೆಕ್ಕ ಹಾಕಲು ಒಪ್ಪಂದವಾಯಿತು. ಎಂಟು ವರ್ಷ ಹೆಚ್ಚು ಸಿಕ್ಕಿತು, ಅಂದರೆ ನೂರಿಪ್ಪತ್ತು ದಿನದ ಕೂಲಿ. 1974, 75 ಎರಡು ವರ್ಷ ಹೋದದ್ದು ಹೋಯಿತು. ಆ ವರ್ಷಗಳ ಫೊಟೋ ಯಾರ ಹತ್ತಿರವೂ ಇರಲಿಲ್ಲ, ಇದ್ದರೂ ಹಿಂದೆ ಹೆಸರು ಇರಲಿಲ್ಲವೇನೋ.

ಅಂದಿನಿಂದ ಯಾವ ಫೊಟೋ ಕೈಗೆ ಬಂದರೂ ನಾನು ಮೊದಲು ಹಿಂಬದಿ ತಿರುಗಿಸಿ ನೋಡುತ್ತೇನೆ. ಹತ್ತರಲ್ಲಿ ಒಂಬತ್ತರ ಹಿಂಬದಿ ಖಾಲಿ.

ಇದು ನಮ್ಮ ಊರಿನ ಕಥೆ ಮಾತ್ರವಲ್ಲ. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಆಮೇಲೆ ನೇಯ್ಗೆಯ ಕಾರ್ಖಾನೆ, ಹಂಚಿನ ಕಾರ್ಖಾನೆ ಕಟ್ಟಿದರು, ಕ್ಯಾಮರಾ ತಂದರು. ಅವರು ತೆಗೆದ ಸಾವಿರಾರು ಫೊಟೋಗಳನ್ನು ಸ್ವಿಟ್ಜರ್‌ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಇಂದಿಗೂ ಜೋಪಾನ ಮಾಡಿದ್ದಾರೆ, ಅದಕ್ಕಾಗಿ ಅವರನ್ನು ಹೊಗಳಲೇಬೇಕು. ಆದರೆ ಅನೇಕ ಫೊಟೋಗಳಲ್ಲಿ ಮಿಶನರಿ ಅಯ್ಯನವರ ಹೆಸರುಂಟು, ಜೊತೆಗೆ ನಿಂತ ಕೆಲಸಗಾರರು 'ಹಂಚಿನ ಕಾರ್ಖಾನೆಯ ಆಳುಗಳು' ಎಂಬಲ್ಲಿಗೆ ನಿಂತರು. ಆ ಆಳುಗಳ ಮರಿಮಕ್ಕಳು ಇಂದು ಮಂಗಳೂರಿನಲ್ಲಿ, ನಮ್ಮ ನಡುವೆ, ಇದ್ದಾರಷ್ಟೆ. ತಮ್ಮ ಅಜ್ಜ ಯಾವುದರಲ್ಲಿ ನಿಂತಿದ್ದಾನೆಂದು ಅವರಿಗೆ ತಿಳಿಯದು.

ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳಿಗೆ ಶಿಲುಬೆ ಹಾದಿ ಕಲಿಸುವಾಗ ನಾನು ಸಿರೇನಿನ ಸಿಮೋನನ ಬಳಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಅದೂ ಒಂದು ಮೆರವಣಿಗೆಯೇ, ಕೊಲ್ಲಲು ಕೊಂಡೊಯ್ಯುವ ಮೆರವಣಿಗೆ. ಹಳ್ಳಿಯ ಕಡೆಯಿಂದ ಬರುತ್ತಿದ್ದ ಒಬ್ಬನನ್ನು ಸಿಪಾಯಿಗಳು ಹಿಡಿದು ಬಿಟ್ಟಿಯಾಗಿ ಶಿಲುಬೆ ಹೊರಿಸಿದರು. ಸಿಪಾಯಿಗಳಿಗೆ ಅವನ ಹೆಗಲು ಸಾಕಿತ್ತು, ಹೆಸರು ಬೇಕಿರಲಿಲ್ಲ. ಆದರೆ ಮಾರ್ಕನು ತನ್ನ ಸುವಾರ್ತೆಯ ಹದಿನೈದನೆಯ ಅಧ್ಯಾಯದಲ್ಲಿ ಅವನ ಹೆಸರು ಬರೆದ, ಅವನ ಊರು ಬರೆದ, ಅವನ ಇಬ್ಬರು ಮಕ್ಕಳಾದ ಅಲೆಕ್ಸಾಂಡರ್ ಮತ್ತು ರೂಫಸರ ಹೆಸರನ್ನೂ ಬರೆದ. ಹೊರೆ ಹೊತ್ತವನ ಮಕ್ಕಳ ಹೆಸರು! ಆ ದಿನ ಶಿಕ್ಷೆಗೆ ಸಾಕ್ಷಿಯಾಗಿ ನಿಂತ ಎಷ್ಟೋ ದೊಡ್ಡವರ ಮಕ್ಕಳ ಹೆಸರು ಯಾರಿಗೆ ಗೊತ್ತು? ಮೆರವಣಿಗೆಯನ್ನು ಬರೆದಿಡುವ ಕ್ರಮ ಸುವಾರ್ತೆಯಲ್ಲೇ ಇರುವಾಗ ನಾವು ಬೇರೆ ಕಡೆ ಹುಡುಕಬೇಕಾಗಿಲ್ಲ.

ಇನ್ನು ಅಜ್ಜಿಯ ಮಾತು. "ಬೂದಿ ಮಾಡುವುದಾ" ಎಂದು ಅವರು ಕೇಳಿದ್ದರ ಹಿಂದೆ ಸೀರೆ ಮಾತ್ರ ಇರಲಿಲ್ಲ. ಕ್ಯಾಮರಾ ಹಿಡಿದು ಬರುವ ಹೊರಗಿನವರನ್ನು ಕಂಡರೆ ನಮ್ಮ ಲೈನುಗಳಲ್ಲಿ ಒಂದು ಅಳುಕು ಉಂಟು. ಅದಕ್ಕೆ ಕಾರಣವೂ ಉಂಟು. ನಮ್ಮ ಜಿಲ್ಲೆಯ ಸರಕಾರಿ ಗೇರು ತೋಟಗಳ ಮೇಲೆ ಎಪ್ಪತ್ತರ ದಶಕದ ಕೊನೆಯಿಂದ 2000ದ ವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ನೆರೆಯ ಮುಳಿಯಾರು, ಕಾರಡ್ಕ, ಬದಿಯಡ್ಕ, ಕುಂಬ್ಡಾಜೆ, ಆಚೆ ಎಣ್ಮಕಜೆಯ ಪಡ್ರೆ, ಈ ಹೆಸರುಗಳು ದೇಶಕ್ಕೆಲ್ಲ ತಿಳಿದದ್ದು ಅಲ್ಲಿಯ ಮಕ್ಕಳ ಫೊಟೋಗಳಿಂದ. ಆ ಫೊಟೋಗಳು ಕೆಲಸ ಮಾಡಿದವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಅವು ಇಲ್ಲದಿದ್ದರೆ 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ನಿಲ್ಲಿಸುವುದಕ್ಕೆ, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ಐದೈದು ಲಕ್ಷ ಕೊಡಬೇಕೆಂದು ಕೇರಳ ಸರಕಾರಕ್ಕೆ ಆಜ್ಞೆ ಮಾಡುವುದಕ್ಕೆ ಇನ್ನೂ ಎಷ್ಟು ವರ್ಷ ಬೇಕಾಗುತ್ತಿತ್ತೋ. ಆದರೆ ಅದೇ ತಾಯಂದಿರು ಮಗುವನ್ನು ಎತ್ತಿ ಎತ್ತಿ ತೋರಿಸಿ ದಣಿದದ್ದನ್ನೂ ನಾನು ಕಂಡಿದ್ದೇನೆ. ಬಂದವರಲ್ಲಿ ಕೆಲವರು ಮಗುವಿನ ಹೆಸರು ಕೇಳಿದರು, ವಿಳಾಸ ಬರೆದುಕೊಂಡರು, ಕಾಗದ ಹಾಕಿದರು. ಆ ಫೊಟೋ ಅರ್ಜಿಯ ಜೊತೆಗೆ ಹೋಯಿತು. ಉಳಿದವರು ತೆಗೆದದ್ದು ಎಲ್ಲೋ ಗೋಡೆಯಲ್ಲಿ ತೂಗಿತು. ಒಬ್ಬ ತಾಯಿ ನನ್ನಲ್ಲಿ ಕೇಳಿದ್ದರು, "ಉಪದೇಶಿಗಳೇ, ಕಪ್ಪು-ಬಿಳುಪು ಮಾಡಿದರೆ ನಮ್ಮ ಮಗು ಇನ್ನೂ ಪಾಪ ಕಾಣುತ್ತದಂತಲ್ಲ, ಹೌದಾ?" ಎಂದು. ನನ್ನಲ್ಲಿ ಉತ್ತರವಿರಲಿಲ್ಲ.

ಆದ್ದರಿಂದ ಮಂಗಳೂರಿನ ಆ ಹುಡುಗನು ನಮ್ಮ ಮೆರವಣಿಗೆಗೆ ಬರುವಾಗ ಈ ಅಳುಕಿನ ನಡುವೆ ಬರುತ್ತಾನೆ. ಅವನದ್ದು ತಪ್ಪಲ್ಲ, ಆದರೆ ತಿಳಿದಿರಬೇಕು. ನಾವು ಅವನಿಗೆ ದುಃಖಿತರಾಗಿ ಕಾಣಬೇಕಾಗಿಲ್ಲ. ಮೆರವಣಿಗೆಯ ದಿನ ನಾವು ದುಃಖಿತರೇ ಅಲ್ಲ! ಮಕ್ಕಳಿಗೆ ಹೊಸ ಅಂಗಿ, ಮನೆಯಲ್ಲಿ ಕೋಳಿ ರೊಟ್ಟಿ, ಬೇಂಡಿನವರಿಗೆ ಚಹಾ ಕೊಡಲು ಹುಡುಗರ ಓಡಾಟ. ಇದು ಹಬ್ಬ. 1264ರಲ್ಲಿ ಪೋಪ್ ನಾಲ್ಕನೇ ಅರ್ಬನರು ಪರಮಪ್ರಸಾದದ ಹಬ್ಬವನ್ನು ಇಡೀ ಸಭೆಗೆ ಕೊಟ್ಟಾಗ ಅದು ಸಂತೋಷದ ಹಬ್ಬವೆಂದೇ ಕೊಟ್ಟದ್ದು. (ಆ ಹಬ್ಬ ಬೀಳುವುದು ಹೆಚ್ಚಾಗಿ ಜೂನಿನಲ್ಲಿ. ನಮ್ಮ ಜೂನಿನಲ್ಲಿ ಮೆರವಣಿಗೆ ಹೊರಟರೆ ಮೇಲ್ಕಟ್ಟಿನ ಬದಲು ಕೊಡೆ ಹಿಡಿಯಬೇಕಾದೀತು. ಅದಕ್ಕಾಗಿಯೇ ನಮ್ಮ ಕಡೆ ಮಳೆ ಬಿಟ್ಟ ಮೇಲೆ ಊರ ಹಬ್ಬದ ಹಿಂದಿನ ಭಾನುವಾರ ಮೆರವಣಿಗೆ.)

ಕಪ್ಪು-ಬಿಳುಪೇ ಬೇಡ ಎನ್ನುವವರಿಗೆ ನನ್ನ ಇನ್ನೊಂದು ಮಾತು ಉಂಟು. ನನ್ನ ಮೊದಲ ಪರಮಪ್ರಸಾದದ ಫೊಟೋ ಬಣ್ಣದ್ದು. ಅದನ್ನು ತೆಗೆಸಲು ಅಪ್ಪ ಸಾಲ ಮಾಡಿದ್ದರು. ಇಂದು ಅದನ್ನು ನೋಡಿದರೆ ನಾನೂ, ಗುರುಗಳೂ, ಇಗರ್ಜಿಯ ಗೋಡೆಯೂ ಕುಂಕುಮ ಎರಚಿದ ಹಾಗೆ ಕೆಂಪು. ಆ ಕಾಲದ ಬಣ್ಣದ ಕಾಗದದಲ್ಲಿ ನೀಲಿ ಮೊದಲು ಹಾರಿಹೋಗುತ್ತದಂತೆ. ಅದೇ ಪೆಟ್ಟಿಗೆಯಲ್ಲಿರುವ ಅಜ್ಜನ ಕಾಲದ ಕಪ್ಪು-ಬಿಳುಪು ಫೊಟೋ, ಅಂಚಿನಲ್ಲಿ ಬೂಷ್ಟು ಹಿಡಿದರೂ, ನಡುವೆ ಗಟ್ಟಿ. ಅದು ಬೆಳ್ಳಿಯ ಉಪ್ಪಿನಿಂದ ಮೂಡಿದ ಚಿತ್ರ. ಚೆನ್ನಾಗಿ ತೊಳೆದಿದ್ದರೆ ನೂರು ವರ್ಷ ಉಳಿಯುತ್ತದೆ. ಈಗಿನ ಫೋನಿನ ಫೊಟೋಗಳ ಸಂಗತಿ ನಿಮಗೇ ಗೊತ್ತು. ಸಾವಿರ ತೆಗೆಯುತ್ತೇವೆ, ಫೋನು ಹಲಸಿನ ಮರದ ಬುಡದಲ್ಲಿ ನೀರಿಗೆ ಬಿದ್ದರೆ ಸಾವಿರವೂ ಹೋಯಿತು.

ಇನ್ನೂ ಒಂದುಂಟು. ಮೇ 1ರ ಕಾರ್ಮಿಕರ ಜಾಥಾದ ಒಂದು ಹಳೆಯ ಫೊಟೋ ಮತ್ತು ಇಗರ್ಜಿಯ ಮೆರವಣಿಗೆಯ ಒಂದು ಫೊಟೋ ನಮ್ಮ ಸಂಘದ ಕೋಣೆಯಲ್ಲಿ ಒಂದೇ ಲಕೋಟೆಯಲ್ಲಿ ಇದ್ದವು. ಮೊದಲ ಸಲ ನೋಡಿದಾಗ ಯಾವುದು ಯಾವುದೆಂದು ನನಗೆ ಕೂಡಲೇ ತಿಳಿಯಲಿಲ್ಲ. ಕೆಂಪು ಬಾವುಟವೂ, ಮರಿಯಮ್ಮನವರ ನೀಲಿ ಪತಾಕೆಯೂ ಕಪ್ಪು-ಬಿಳುಪಿನಲ್ಲಿ ಒಂದೇ ಬೂದು ಬಣ್ಣ. ಹಿಡಿದವರ ಕೈಗಳೂ ಹೆಚ್ಚುಕಡಿಮೆ ಅವೇ. ಆಗ ಇಗರ್ಜಿಯಲ್ಲಿ ಕೆಲವರು ಸಂಘಕ್ಕೆ ಸೇರಿದವರನ್ನು ಓರೆಗಣ್ಣಿನಿಂದ ನೋಡುತ್ತಿದ್ದರು, ಸಂಘದಲ್ಲಿ ಕೆಲವರು ಮೆರವಣಿಗೆಗೆ ಹೋಗುವವರನ್ನು ನಗುತ್ತಿದ್ದರು. 1955ರಲ್ಲಿಯೇ ಪೋಪ್ ಹನ್ನೆರಡನೇ ಪಿಯುಸರು ಮೇ 1ನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬವೆಂದು ಸಾರಿದ್ದು ಎರಡು ಕಡೆಯವರಿಗೂ ನೆನಪಿರಲಿಲ್ಲ. ಆ ಎರಡು ಫೊಟೋಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಯಾರಾದರೂ ತೋರಿಸಿದ್ದರೆ ಎಷ್ಟೋ ವಾದ ಉಳಿಯುತ್ತಿತ್ತೋ ಏನೋ.

ಹೀಗಾಗಿ ನನ್ನ ಅಭಿಪ್ರಾಯ: ಹುಡುಗ ಬರಲಿ, ಕಪ್ಪು-ಬಿಳುಪಿನಲ್ಲೇ ತೆಗೆಯಲಿ. ಆದರೆ ಬರುವ ಮುಂಚೆ ಕೆಲವು ಮಾತು ಒಪ್ಪಿಕೊಂಡು ಬರಲಿ.

ಅವನು ಒಂದು ದಿನ ಮುಂಚೆಯೇ ಬಂದು ಲೈನು ಮನೆಗಳಿಗೆ ಹೋಗಿ ಚಹಾ ಕುಡಿಯಲಿ. ಯಾರು ಕಂಬ ಹಿಡಿಯುತ್ತಾರೆ, ಯಾರು ಧೂಪ ಹಿಡಿಯುತ್ತಾರೆ, ಯಾರ ಮಗಳು ಹೂ ಚೆಲ್ಲುತ್ತಾಳೆ ಎಂದು ತಿಳಿದುಕೊಳ್ಳಲಿ. ಮೆರವಣಿಗೆಯ ದಿನ ಬೆಳಕಿನ ಲೆಕ್ಕವನ್ನು ಮೇಲಂಗಿಗೆ ಹಾಕದೆ ಮುಖಕ್ಕೆ ಹಾಕಲಿ. ಈಗಿನ ಕ್ಯಾಮರಾದಲ್ಲಿ ಅದು ಕಷ್ಟವಿಲ್ಲವೆಂದು ಕೇಳಿದ್ದೇನೆ. ಗುರುಗಳ ಬಿಳಿ ವಸ್ತ್ರ ಒಂದು ಸಲ ಸ್ವಲ್ಪ ಹಾರಿಹೋದರೆ ಗುರುಗಳು ಕೋಪಿಸಿಕೊಳ್ಳುವವರಲ್ಲ. ನಮ್ಮ ಮೆರವಣಿಗೆ ನಾಲ್ಕು ಗಂಟೆಯ ಬದಲು ಐದು ಗಂಟೆಗೆ ಹೊರಟರೆ ಬಿಸಿಲು ಓರೆಯಾಗಿ ಮುಖದ ಮೇಲೆ ಬೀಳುತ್ತದೆ, ಮುದುಕರಿಗೂ ಹಿತ. ಇದನ್ನು ಪಾಲನಾ ಮಂಡಳಿ ಯೋಚಿಸಬೇಕು.

ಆಶೀರ್ವಾದದ ಗಂಟೆ ಬಾರಿಸಿ ಎಲ್ಲರೂ ಮೊಣಕಾಲೂರಿದಾಗ ಕ್ಯಾಮರಾ ಕೆಳಗಿಡಬೇಕು. ಇದರಲ್ಲಿ ನಾನು ರಾಜಿಯಾಗುವವನಲ್ಲ. ಕಳೆದ ವರ್ಷ ನಮ್ಮದೇ ಮೂವರು ಹುಡುಗರು ಪರಮಪ್ರಸಾದಕ್ಕೆ ಬೆನ್ನು ಹಾಕಿ ನಿಂತು ಫೋನು ಹಿಡಿದಿದ್ದರು. ಹೊರಗಿನವನಿಗೆ ಹೇಳುವ ಮುಂಚೆ ಒಳಗಿನವರಿಗೆ ಹೇಳಬೇಕಾಗಿದೆ. ಜಕ್ಕಾಯನು ಮರ ಹತ್ತಿದ್ದನಲ್ಲ ಎಂದು ಒಬ್ಬ ಹುಡುಗ ನನಗೆ ಜವಾಬು ಕೊಟ್ಟ. ಹತ್ತಿದ, ಹೌದು. ಕರೆದಾಗ ಇಳಿದೂ ಬಂದ.

ಪ್ರದರ್ಶನಕ್ಕೆ ಇಡುವ ಪ್ರತಿಯೊಂದು ಫೊಟೋದ ಅಡಿಯಲ್ಲಿ ಹೆಸರು ಇರಬೇಕು, ಹೆಸರು ಹಾಕಲು ಮನಸ್ಸಿಲ್ಲದವರ ಫೊಟೋ ಇಡಬಾರದು. 'ತೋಟದ ಆಳುಗಳು' ಎಂದು ಬರೆಯುವುದಾದರೆ ಬರುವುದೇ ಬೇಡ. ಮತ್ತು ಫೊಟೋದಲ್ಲಿ ಬಂದ ಪ್ರತಿ ಮನೆಗೆ ಒಂದು ಪ್ರತಿ, ಕಾಗದದ ಮೇಲೆ ಅಚ್ಚು ಹಾಕಿದ್ದು, ಫೋನಿಗೆ ಕಳಿಸಿದ್ದಲ್ಲ. ಆ ಖರ್ಚು ಹುಡುಗನಿಗೆ ಭಾರವಾದರೆ ಹಬ್ಬದ ವಂತಿಗೆಯಿಂದ ಕೊಡಬಹುದು. ಪಟಾಕಿಗೆ ಕೊಡುವ ಹಣದಲ್ಲಿ ಸ್ವಲ್ಪ ಕಡಿಮೆ ಮಾಡಿದರೆ ಸಾಕು. ಪಟಾಕಿಯ ಪರವಾಗಿ ಇರುವವರು ನನ್ನ ಮೇಲೆ ಸಿಟ್ಟಾಗಬಹುದು, ಆಗಲಿ.

ಇಷ್ಟನ್ನು ಬರೆದು ಮುಗಿಸುವ ಮುಂಚೆ ಆ ಅಜ್ಜಿಯ ಮನೆಗೆ ಹೋಗಿ ಓದಿ ಹೇಳಿದೆ. ಎಲ್ಲವನ್ನೂ ಕೇಳಿದರು. ಗ್ರಾಚ್ಯುಟಿಯ ಕಥೆಗೆ ತಲೆಯಾಡಿಸಿದರು, ಆ ವಿಧವೆಯನ್ನು ಅವರು ಬಲ್ಲರು. ಆಮೇಲೆ ಒಳಗೆ ಹೋಗಿ ಸೀರೆ ತಂದು ನನ್ನ ಮುಂದೆ ಹಾಸಿದರು. ಹಸುರು, ಅಂಚು ಕಡುಕೆಂಪು. ಈ ಸಲದ ಹಬ್ಬಕ್ಕೆಂದು ಮೊಮ್ಮಗಳು ತನ್ನ ಮೊದಲ ಸಂಬಳದಲ್ಲಿ ತಂದುಕೊಟ್ಟದ್ದು. "ಹೆಸರು ಬರೆದರೆ ಸೀರೆಯ ಬಣ್ಣವೂ ಬರೆಯುತ್ತಾರಾ?" ಎಂದು ಕೇಳಿದರು.

ನಾನು ಹಾಗೆ ಯೋಚಿಸಿರಲಿಲ್ಲ. ಕಪ್ಪು-ಬಿಳುಪಿನ ಪರವಾಗಿ ನಾನು ಇಷ್ಟು ಬರೆದರೂ ಆ ಸೀರೆಯ ವಿಷಯದಲ್ಲಿ ಅಜ್ಜಿಯದ್ದೇ ನ್ಯಾಯ. ಫೊಟೋದಲ್ಲಿ ಬಾರದ್ದನ್ನು ಹಿಂಬದಿಯಲ್ಲಿ ಬರೆಯಬಹುದೆಂದು ಹೇಳಿದೆ. ಮೊಮ್ಮಗಳು ತನ್ನ ಫೋನಿನಲ್ಲಿ ಬಣ್ಣದ್ದೊಂದು ತೆಗೆದು, ಅದನ್ನೂ ಕಾಗದದ ಮೇಲೆ ಅಚ್ಚು ಹಾಕಿಸುವುದೆಂದು ತೀರ್ಮಾನವಾಯಿತು. ಹೀಗೆ ಬಯಸುವ ಬೇರೆ ಮನೆಯವರಿಗೂ ಆ ಹುಡುಗಿ ತೆಗೆದುಕೊಡಲು ಒಪ್ಪಿದ್ದಾಳೆ.

ಕಡೆಯದಾಗಿ ಒಂದು ವಿನಂತಿ. ನಿಮ್ಮ ಮನೆಯಲ್ಲಿ ಮೆರವಣಿಗೆಯದ್ದಾಗಲಿ, ಜಾಥಾದ್ದಾಗಲಿ, ಮದುವೆ ಮರಣದ್ದಾಗಲಿ ಹಳೆಯ ಫೊಟೋ ಇದ್ದರೆ ಬರುವ ಎರಡು ಭಾನುವಾರ ಬಲಿಪೂಜೆಯ ನಂತರ ಧರ್ಮೋಪದೇಶದ ಕೋಣೆಗೆ ತನ್ನಿ. ವಯಸ್ಸಾದವರನ್ನೂ ಕರೆದುಕೊಂಡು ಬನ್ನಿ, ಮುಖ ಗುರುತಿಸುವವರು ಅವರೇ. ಹಿಂಬದಿಯಲ್ಲಿ ಹೆಸರು, ಇಸವಿ, ತೋಟ, ಲೈನು ಬರೆಯೋಣ. ಬಾಲ್‌ಪೆನ್ನಿನಿಂದ ಬರೆಯಬೇಡಿ, ಒತ್ತಿದರೆ ಮುಂಬದಿಗೆ ಗೆರೆ ಮೂಡುತ್ತದೆ, ಮಳೆಗಾಲದಲ್ಲಿ ಶಾಯಿ ಹರಡುತ್ತದೆ. ಮೆತ್ತಗಿನ ಪೆನ್ಸಿಲು ಒಳ್ಳೆಯದು. ನನ್ನಲ್ಲಿ ಒಂದು ಡಜನ್ ಉಂಟು.